ದ್ರಾಕ್ಷಿಕಾಯಿಯ ಬಸ್ಸಾರು

"ಇದ್ನ ಸಾರು ಅಂತಾರೇನಮ್ಮಿ? ಪಾತ್ರೆ ತೊಳ್ದ ನೀರ್ಗೆ ಉಪ್ಪಾಕಿ ತಂದವ್ಳೆ," ಎಂದು ದೊಡ್ಡಮುನಿಯಮ್ಮ ತಟ್ಟೆಯನ್ನು ಹಿಂದಕ್ಕೆ ತಳ್ಳಿದರು.

ಮುದ್ದೆ ಒಂದು ಮಗ್ಗುಲಲ್ಲಿ ಮಾತ್ರ ಮುರಿದಿತ್ತು. ಸೊಸೆ ಗಂಗರತ್ನಮ್ಮ ತಟ್ಟೆ ಎತ್ತಿಕೊಂಡಳು. ಅತ್ತೆ ಹೇಳಿದ್ದು ನಿಜವೇ. ಸೊಪ್ಪು ಬೇಳೆ ಬೇಯಿಸಿ, ಬಸಿದ ಕಟ್ಟಿಗೆ ಮೆಣಸು ಜೀರಿಗೆ ಬೆಳ್ಳುಳ್ಳಿ ಅರೆದು ಹಾಕಿದರೂ, ಹುಣಸೆಹಣ್ಣು ಬೀಳದ ಬಸ್ಸಾರು ಬಸ್ಸಾರಾಗುವುದಿಲ್ಲ. ಒಲೆಯ ಮೇಲೆ ಎಷ್ಟು ಕುದಿಸಿದರೂ ಅದು ಬೆಂದ ಸೊಪ್ಪಿನ ನೀರೇ.

ಶಿವರಾತ್ರಿಯ ಹೊತ್ತಿಗೆ ದೊಡ್ಡಮುನಿಯಮ್ಮನಿಗೆ ಕಾಮಾಲೆ ಬಂದಿತ್ತು. ಯಲಹಂಕದ ಪಂಡಿತ ಮುನಿವೆಂಕಟಯ್ಯ ಕೊಟ್ಟ ಔಷಧಿಗೆ ಯುಗಾದಿ ಕಳೆಯುವಷ್ಟರಲ್ಲಿ ಕಣ್ಣಿನ ಹಳದಿ ಇಳಿಯಿತು. ಆದರೆ ಪಥ್ಯ ಇಳಿಯಲಿಲ್ಲ. ಗೌರಿ ಹಬ್ಬದವರೆಗೆ ಹುಣಸೆಹಣ್ಣು, ಎಣ್ಣೆ, ಒಣಮೆಣಸಿನಕಾಯಿ ಮೂರನ್ನೂ ಮುಟ್ಟುವಂತಿಲ್ಲ ಎಂದು ಪಂಡಿತರು ಕಟ್ಟಪ್ಪಣೆ ಮಾಡಿದ್ದರು. ಎಣ್ಣೆ, ಮೆಣಸಿನಕಾಯಿ ಹೋದರೆ ಹೋಗಲಿ ಎಂದಿದ್ದ ಅತ್ತೆ ಹುಳಿಯ ವಿಷಯದಲ್ಲಿ ಸೋತರು. ಹೋಗುವಾಗ ಕಾಯಿಲೆ ಹಸಿವನ್ನೂ ಜೊತೆಗೆ ಕರೆದುಕೊಂಡು ಹೋದಂತಿತ್ತು. ನಿಂಬೆಹಣ್ಣು ಹಿಂಡಿದರೆ, "ಸಾರೋ ಪಾನಕಾನೋ?" ಟೊಮೇಟೊ ಬೇಯಿಸಿದರೆ, "ಇಂಗ್ಲೀಸ್ನೋರ ಬದ್ನೇಕಾಯಿ ನಂಗ್ಯಾಕೆ?" ಮೇ ತಿಂಗಳು ಬರುವಷ್ಟರಲ್ಲಿ ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನೀರಿನ ಕೊಡ ಎತ್ತುತ್ತಿದ್ದ ಕೈಗೆ ಈಗ ಲೋಟವೂ ಭಾರವಾಗಿತ್ತು.

ಗಂಗರತ್ನಮ್ಮನಿಗೆ ಇದು ಬರೀ ಸೊಸೆಯ ಕರ್ತವ್ಯದ ಮಾತಾಗಿರಲಿಲ್ಲ. ಅವಳು ಯಶವಂತಪುರದ ಮೇಷ್ಟ್ರ ಮಗಳು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಯಲಹಂಕದ ಪಕ್ಕದ ಸಿಂಗಾಪುರವೆಂಬ ಹಳ್ಳಿಯ ದ್ರಾಕ್ಷಿತೋಟದ ಈ ಮನೆಗೆ ಮದುವೆಯಾಗಿ ಬಂದಳು. ಓದು ಅಲ್ಲಿಗೆ ಮುಗಿಯಿತೆಂದೇ ತವರಿನಲ್ಲಿ ಎಲ್ಲರೂ ಅಂದುಕೊಂಡಿದ್ದರು. ಅಕ್ಷರ ಬಾರದ ದೊಡ್ಡಮುನಿಯಮ್ಮ ಮಾತ್ರ, "ಬೆಳೆ ಕೊಯ್ಲಿಗೆ ಬಂದಾಗ ಗದ್ದೆ ಬಿಟ್ಟು ಎದ್ದೋಗೋರುಂಟಾ? ಪರೀಕ್ಸೆ ಮುಗಿಯೋಗಂಟ ಒಲೆ ಮುಂದೆ ನಾನಿರ್ತೀನಿ, ನೀನು ಪುಸ್ತಕದ ಮುಂದಿರು," ಎಂದಿದ್ದರು. ಆ ಬೇಸಿಗೆಯಿಡೀ ಹೊಸ ಸೊಸೆ ಕೋಣೆಯಲ್ಲಿ ಕೂತು ರಸಾಯನಶಾಸ್ತ್ರ ಓದಿದಳು. ಅತ್ತೆ ಬಿಸಿ ಮುದ್ದೆ, ಬಸ್ಸಾರು ತಂದು ಅವಳ ಪಕ್ಕದಲ್ಲಿಟ್ಟು, ಉಂಡು ಮುಗಿಸುವವರೆಗೂ ಬಾಗಿಲಲ್ಲಿ ನಿಂತಿರುತ್ತಿದ್ದರು. ಈಗ ಬಾಗಿಲಲ್ಲಿ ನಿಲ್ಲುವ ಸರದಿ ಗಂಗರತ್ನಮ್ಮನದು. ಆದರೆ ಅತ್ತೆ ಉಣ್ಣುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ತಟ್ಟೆಯ ಮುದ್ದೆಯನ್ನು ಹಸುವಿಗೆ ಹಾಕಲು ಹಿತ್ತಲಿಗೆ ಬಂದಾಗ ಬೇಲಿಯಾಚೆ ಮುಸರ್ರತ್ ಬಟ್ಟೆ ಹರವುತ್ತಿದ್ದಳು. ಅವಳ ಗಂಡ ವಹಾಬ್ ಯಲಹಂಕದ ಆಚೆ ಒಂದು ಕುದುರೆ ಫಾರಮ್ಮಿನಲ್ಲಿ ಕುದುರೆಗಳನ್ನು ಪಳಗಿಸುತ್ತಿದ್ದ. ಮುಸರ್ರತ್‌ಳ ಕಡೆಯವರದೂ ಕುದುರೆಯ ನಂಟೇ. ಅವಳ ಮುತ್ತಜ್ಜ ಇರಾನಿನಿಂದ ಕುದುರೆ ಹಡಗಿಗೆ ಹಾಕಿಸಿಕೊಂಡು ಬಂದು ದಂಡಿನವರಿಗೆ ಮಾರಿ, ಇಲ್ಲಿಯ ಹವಾ ಒಗ್ಗಿ, ಇಲ್ಲೇ ಉಳಿದವನು.

ಎರಡು ಮನೆಗಳ ನಡುವೆ ಬಟ್ಟಲುಗಳ ಓಡಾಟವಿತ್ತು. ಈ ಕಡೆಯಿಂದ ಹೋಳಿಗೆಯೋ ಹುಗ್ಗಿಯೋ ಹೋದರೆ ಆ ಕಡೆಯಿಂದ ಬಟ್ಟಲು ಬರಿದಾಗಿ ಬರುತ್ತಿರಲಿಲ್ಲ. ನಾಟಿಕೋಳಿ ಮೊಟ್ಟೆ, ಪುದೀನ, ಅಂಗಳದ ಸೀಬೆಹಣ್ಣು ತುಂಬಿಕೊಂಡು ಬರುತ್ತಿತ್ತು. ಹಸಿಯದು ಮಾತ್ರ. ಬೇಯಿಸಿದ್ದು ಎಂದೂ ಬರುತ್ತಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಸಾಬರ ಒಲೆಯಲ್ಲಿ ಬೆಂದದ್ದನ್ನು ದೊಡ್ಡಮುನಿಯಮ್ಮ ಉಣ್ಣುವುದಿಲ್ಲವೆಂದು ಮುಸರ್ರತ್‌ಗೆ ಗೊತ್ತಿತ್ತು, ಅಷ್ಟೆ.

"ಇವತ್ತೂ ಹಸೂಗೇನಾ?" ಎಂದಳು ಮುಸರ್ರತ್, ತಟ್ಟೆ ನೋಡಿ.

"ಹಸು ಒಂದು ದಪ್ಪ ಆಗ್ತಿದೆ ಆಪಾ. ಹುಣಸೆಹಣ್ಣಿಲ್ದೆ ಒಂದು ತುತ್ತೂ ಇಳೀತಿಲ್ಲ ಅತ್ತೆಗೆ."

ಮುಸರ್ರತ್ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಬೇಲಿಯ ಹತ್ತಿರ ಬಂದಳು. "ನಮ್ಮ ದಾದಿ, ಅದೇ ನಮ್ಮಜ್ಜಿ, ಹುಣಸೆಹಣ್ಣೇ ಮುಟ್ತಿರ್ಲಿಲ್ಲಾ. ಅವ್ರ ಮುಲ್ಕು ಇರಾನಲ್ಲಿ ಅದು ಇಲ್ವಂತೆ. ಹುಳಿ ಬೇಕಂದ್ರೆ ದ್ರಾಕ್ಷಿಕಾಯಿ. ಹಣ್ಣಲ್ಲ ಮತ್ತೆ, ಕಲ್ಲಿದ್ದಂಗಿರೋ ಹಸ್ರು ಕಾಯಿ. ಕುಟ್ಟಿ ಹಿಂಡಿ, ಉಪ್ಪು ಹಾಕಿ, ಒಂದು ಕುದಿ ಕುದ್ಸಿ ಬಾಟ್ಲೀಲಿಟ್ರೆ ವರ್ಷಗಟ್ಲೆ ಇರುತ್ತೆ. ಆಬ್‌ಗೋರಾ ಅಂತಿದ್ರು. ಸೋರೆಕಾಯಿ, ಕಡ್ಲೆಬೇಳೆ ಹಾಕಿ, ಮೇಲೆ ಇದನ್ನ ಬಿಟ್ಟು ಮಾಡ್ತಿದ್ರು ನೋಡು... ಹೇಳ್ತಿದ್ರೇ ನೀರೂರುತ್ತೆ."

"ಅಷ್ಟೇನಾ ಮಾಡೋದು?"

"ಅಷ್ಟೇ. ಬೆಳ್ಳುಳ್ಳಿ, ಪುದೀನ ಜೊತೆ ಕಾಯೇ ಜಜ್ಜಿದ್ರೆ ಚಟ್ನೀನೂ ಆಯ್ತು. ದ್ರಾಕ್ಷಿ ಚಪ್ಪರದ ಕೆಳಗೇ ನಿಂತ್ಕೊಂಡು ಹುಳಿ ಇಲ್ಲ ಅಂತ ಅಳ್ತೀಯಲ್ಲೇ, ಬಿಯೆಸ್ಸಿ!"

ಗಂಗರತ್ನಮ್ಮ ನಕ್ಕಳು. "ಚೆನ್ನಾಗಿ ಹೇಳಿದ್ರಿ. ಎಳೆಗೊನೆ ಕಿತ್ರೆ ನಮ್ಮೆಜಮಾನ್ರಿಗೆ ಬೆರಳು ಕಿತ್ತಂಗೆ."

ಆದರೆ ಒಳಗೆ ಬಂದವಳಿಗೆ ನಗು ನಿಂತುಹೋಯಿತು. ಕಾಲೇಜಿನ ಪ್ರಯೋಗಶಾಲೆಯ ಒಂದು ಪಾಠ ನೆನಪಾಗಿತ್ತು. ಹುಣಸೆಹಣ್ಣಿಗೆ ಹುಳಿ ಕೊಡುವುದು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಗೂ ಅದೇ. ಎರಡು ಮರ, ಎರಡು ದೇಶ, ಹುಳಿ ಒಂದೇ. ಅತ್ತೆಯ ನಾಲಿಗೆ ನಿಂಬೆಹಣ್ಣನ್ನು ಯಾಕೆ ಒಪ್ಪಲಿಲ್ಲವೆಂದು ಈಗ ಅರ್ಥವಾಯಿತು. ಅದರ ಹುಳಿಯ ಜಾತಿಯೇ ಬೇರೆ. ಆದರೆ ಹುಳಿ ಒಂದೇ ಆದಮೇಲೆ ದ್ರಾಕ್ಷಿಕಾಯಿ ಹಾಕುವುದೂ ಪಥ್ಯ ಮುರಿದಂತೆಯೇ ಆಗಲಿಲ್ಲವೇ? ಗೊತ್ತಿಲ್ಲದವರು ಹಾಕಿದ್ದರೆ ಅದು ಬೇರೆ ಮಾತು. ಗೊತ್ತಿದ್ದೂ ಹಾಕುವುದು ಹೇಗೆ?

ಅಂದು ಸಂಜೆ ಪಡುವಣದಲ್ಲಿ ಮೋಡ ಕಪ್ಪಗೆ ಕಟ್ಟಿ ಆಲಿಕಲ್ಲಿನ ಮಳೆ ಬಂತು. ಹಂಚಿನ ಮೇಲೆ ಯಾರೋ ಬೊಗಸೆಬೊಗಸೆಯಾಗಿ ಕಲ್ಲು ಎರಚಿದಂತೆ ಸದ್ದು. ಮಳೆ ನಿಂತಮೇಲೆ ಗಂಡ ಚನ್ನಕೇಶವ ಲಾಟೀನು ಹಿಡಿದು ತೋಟಕ್ಕೆ ಹೋಗಿ ಬಂದು ಜಗುಲಿಯ ಮೇಲೆ ಕುಳಿತ. "ಮೂರ್ನೇ ಒಂದು ಪಾಲು ಉದುರೋಗದೆ. ಉಳ್ದಿರೋದಕ್ಕೂ ಗಾಯ ಆಗದೆ. ಬೆಳಗ್ಗೇನೇ ಮದ್ದು ಹೊಡೀಬೇಕು. ಹೆಬ್ಬಾಳದ ಕೃಷಿ ಕಾಲೇಜ್ನೋರು ಹೇಳಿಲ್ವಾ, ಗಾಯದ ಮೇಲೆ ಬೂಷ್ಟು ಕೂರೋಕೆ ಮುಂಚೆ ಹೊಡೀರಿ ಅಂತ."

"ಉದುರಿರೋ ಕಾಯಿ ನಾನು ಆರಿಸ್ಕೊಳ್ಳಲಾ?" ಎಂದಳು ಗಂಗರತ್ನಮ್ಮ.

ಅವನು ಹೆಂಡತಿಯ ಮುಖ ನೋಡಿದ. "ಆರಿಸ್ಕೋ. ಆಲಿಕಲ್ಲು ಕೇಳ್ದಲೇ ಕಿತ್ತದೆ, ನೀನು ಕೇಳಿ ಆರಿಸ್ಕೊಳ್ಳೋಕೇನು?"

ಬೆಳಗ್ಗೆ ಮೊದಲ ಕೆಲಸವಾಗಿ ಅವಳು ಯಲಹಂಕಕ್ಕೆ ನಡೆದು ಪಂಡಿತರ ಮನೆ ಬಾಗಿಲಲ್ಲಿ ನಿಂತಳು. ಮುನಿವೆಂಕಟಯ್ಯ ಕಲ್ವದಲ್ಲಿ ಏನನ್ನೋ ಅರೆಯುತ್ತಿದ್ದರು. ಅವಳು ಆಮ್ಲದ ವಿಷಯವನ್ನು ಒಂದೂ ಬಿಡದೆ ಹೇಳಿದಳು. ಅವರು ಅರೆಯುವುದನ್ನು ನಿಲ್ಲಿಸದೆ ಕೇಳಿದರು.

"ಅಲ್ಲಮ್ಮಾ, ನಿಮ್ಮತ್ತೆ ಒಂದು ದಿನಕ್ಕೆ ಎಷ್ಟು ಹುಣಸೆಹಣ್ಣು ತಿಂತಿದ್ರು, ಗೊತ್ತಾ?"

"ಸಾರಿಗೆ ನಿಂಬೆಗಾತ್ರ. ಆಮೇಲೆ... ಉಪ್ಪು ಬೆರೆಸಿ ಕುಟ್ಟಿದ್ದನ್ನ ಕೆನ್ನೆಗೆ ಒತ್ತರಿಸ್ಕೊಂಡೇ ಕಳೆ ಕೀಳ್ತಿದ್ರು."

"ಅದಕ್ಕೇ ಬೇಡ ಅಂದಿದ್ದು. ಅವ್ರಿಗೆ ಅಳತೆ ಹೇಳಿ ಪ್ರಯೋಜನ ಇಲ್ಲ. ನಿಂಗೆ ಹೇಳ್ಬಹುದು. ದ್ರಾಕ್ಷಿರಸ ಆಗ್ಲಿ, ಸಾರಿಗೆ ಎರಡು ಚಮಚ, ಅದೂ ನಿನ್ನ ಕೈಯಿಂದ್ಲೇ ಬೀಳ್ಬೇಕು. ಉಣ್ಣದೇ ಇದ್ರೆ ನನ್ನ ಔಷಧಿ ಖಾಲಿ ಹೊಟ್ಟೇಲಿ ಏನ್ ಮಾಡುತ್ತೆ, ಭಜನೆ ಮಾಡುತ್ತಾ?"

ಅವಳಿಗೆ ದಾರಿಯುದ್ದಕ್ಕೂ ಕಾಲು ನೆಲದ ಮೇಲೆ ಊರಲಿಲ್ಲ. ಮನೆ ಸೇರಿದವಳೇ ಮಂಕರಿ ಹಿಡಿದು ತೋಟಕ್ಕೆ ಹೋದಳು. ಮಳೆನೀರಿನಲ್ಲಿ ನೆನೆದು ಕಾಯಿಗಳು ಹಸಿರು ಗೋಲಿಗಳಂತೆ ಬಿದ್ದಿದ್ದವು. ತೋಟದ ಆ ಪಡುವಣ ತುದಿಯಲ್ಲಿ ಚನ್ನಕೇಶವ ಪಂಪಿನಿಂದ ಮದ್ದು ಹೊಡೆಯುತ್ತಿದ್ದ. ಈ ತುದಿಗೆ ಅವನಿನ್ನೂ ಬಂದಿಲ್ಲವೆಂದುಕೊಂಡು ಅವಳು ಬಗ್ಗಿದಳು.

ದಾರಿಯಲ್ಲಿ ಹೋಗುತ್ತಿದ್ದ ಮುನಿಕೃಷ್ಣಮ್ಮ, ನೆರೆಮನೆಯಾಕೆ, ಬೇಲಿಯ ಬಳಿ ನಿಂತಳು. "ಏನ್ ರತ್ನಮ್ಮಾ, ಉಳಿ ಕಾಯಿ ಆಯ್ತಿದ್ದೀಯಾ? ಎಷ್ಟ್ನೇ ತಿಂಗ್ಳು?"

"ನಂಗಲ್ಲ ಕಣಕ್ಕಾ, ಅತ್ತೆಗೆ."

"ಅಯ್ ಸಿವ್ನೇ! ಈ ವಯಸ್ನಲ್ಲಾ?" ಎಂದು ಮುನಿಕೃಷ್ಣಮ್ಮ ತನ್ನ ಮಾತಿಗೆ ತಾನೇ ಬಿದ್ದುಬಿದ್ದು ನಕ್ಕು, ಊರಿಗೆಲ್ಲ ಹಂಚಲು ಹೊರಟಳು.

ಗಂಗರತ್ನಮ್ಮ ಕಾಯಿಗಳನ್ನು ತೊಳೆದು, ಒರಳಲ್ಲಿ ಜಜ್ಜಿ, ಮಲ್ಲುಬಟ್ಟೆಯಲ್ಲಿ ಹಿಂಡಿದಳು. ತಿಳಿಹಸಿರು ರಸ ಪಿಂಗಾಣಿ ಬೋಗುಣಿಗೆ ಇಳಿಯುತ್ತಿದ್ದಂತೆ ಹುಳಿಯ ವಾಸನೆ ನಡುಮನೆಗೆ ಹರಡಿತು. ಗೋಡೆ ಕಡೆ ಮುಖ ಮಾಡಿ ಮಲಗಿದ್ದ ದೊಡ್ಡಮುನಿಯಮ್ಮ ಈ ಕಡೆ ಹೊರಳಿದರು.

"ಏನಮ್ಮಿ ಅದು? ದವಡೆ ಚುರ್ ಅಂತು."

"ದ್ರಾಕ್ಷಿಕಾಯಿ ರಸ ಅತ್ತೆ. ಪಂಡಿತ್ರು ಹೂಂ ಅಂದ್ರು. ರಾತ್ರಿಗೆ ಬಸ್ಸಾರು ಮಾಡ್ತೀನಿ."

"ರಾತ್ರಿಗಂಟ ಯಾಕೆ? ಒಂದ್ ತೊಟ್ಟು ನಾಲ್ಗೆ ಮೇಲಿಕ್ಕು. ಮುದ್ದೆ ತಿರುವು ಓಗು, ಒಟ್ಟೆ ಅಸೀತದೆ!"

ಅತ್ತೆಯ ಬಾಯಿಂದ ಹಸಿವೆಂಬ ಮಾತು ಕೇಳಿ ಎಷ್ಟು ಕಾಲವಾಗಿತ್ತು! ಗಂಗರತ್ನಮ್ಮ ಒಲೆಗೆ ಸೌದೆ ತುಂಬಿ, ಎಸರಿಗಿಟ್ಟು, ಕಾಯಿ ತೊಳೆದ ನೀರಿನ ಪಾತ್ರೆಯನ್ನು ಬಗ್ಗಿಸಲು ಹೋದಳು. ತಳದಲ್ಲಿ ತೆಳುವಾಗಿ ಗಸಿ ಕುಳಿತಿತ್ತು. ಬೆಳ್ಳಗೆ, ಬೆಳಕಿಗೆ ಹಿಡಿದರೆ ತುಸು ನೀಲಿ.

ಅವಳ ಕೈ ಅಲ್ಲೇ ನಿಂತಿತು. ಮದ್ದೆಂದರೆ ಮೈಲುತುತ್ತವನ್ನು, ತಾಮ್ರದ ಆ ನೀಲಿ ವಿಷವನ್ನು, ಸುಣ್ಣದ ನೀರಿನಲ್ಲಿ ಕಲಸಿದ್ದು. ಆ ತುದಿಯಲ್ಲಿ ಹೊಡೆದದ್ದು ಈ ತುದಿಗೆ ಬಾರದೆಂದು ಯಾರು ಹೇಳಿದ್ದರು? ಗಾಳಿ ಪಡುವಣದಿಂದಲೇ ಬೀಸುತ್ತಿತ್ತು. ಪ್ರತಿವರ್ಷ ಮೈಲುತುತ್ತವನ್ನು ಗಂಡನಿಗೆ ತೂಗಿಕೊಡುತ್ತಿದ್ದವಳು ತಾನೇ. ಕಾಯಿಯನ್ನು ತೊಳೆದದ್ದು ನಿಜ. ಆದರೆ ಸುಣ್ಣದ ಜೊತೆ ಅಂಟಿದ್ದು ನೀರಿಗೆ ಬಿಡುವುದಿಲ್ಲ, ಹುಳಿಗೆ ಬಿಡುತ್ತದೆ. ಜಜ್ಜುವಾಗ ಬಂದ ಹುಳಿಗೇ ಬಿಟ್ಟಿರುತ್ತದೆ.

ಇರಲಾರದು ಎಂದು ಮನಸ್ಸು ಹೇಳಿತು. ನೋಡಿಬಿಡು ಎಂದು ಓದು ಹೇಳಿತು. ಹೊಲಿಗೆಯ ಸೂಜಿಯೊಂದನ್ನು ಬೂದಿಯಲ್ಲಿ ಉಜ್ಜಿ ಫಳಫಳ ಮಾಡಿ, ಲೋಟದಲ್ಲಿ ಒಂದಿಷ್ಟು ರಸ ಬಿಟ್ಟು ಅದರಲ್ಲಿ ಮುಳುಗಿಸಿದಳು. ತಾಮ್ರವಿದ್ದರೆ ರಸವನ್ನು ಬಿಟ್ಟು ಕಬ್ಬಿಣದ ಮೇಲೆ ಬಂದು ಕೂರುತ್ತದೆ.

"ಆಯ್ತೇನಮ್ಮಿ?" ಎಂದು ಒಳಗಿನಿಂದ ಕೂಗು.

"ಇನ್ನೊಂದ್ ಸ್ವಲ್ಪ, ಅತ್ತೆ."

ಎಸರು ಕುದಿದು, ಇಂಗಿ, ಮತ್ತೆ ನೀರು ಹಾಕಿದ್ದಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೂಜಿಯನ್ನು ಎತ್ತಿ ನೋಡಿದಳು. ಮುಳುಗಿದ್ದಷ್ಟು ಭಾಗ ಹೊಸ ತಾಮ್ರದ ಚೊಂಬಿನಂತೆ ಕೆಂಪಾಗಿತ್ತು.

ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಹಸುವಿಗೂ ಕೋಳಿಗೂ ಸಿಗದಂತೆ ಗುಂಡಿ ತೋಡಿ ಸುರಿದಳು. ಬಂದು ಅತ್ತೆಯ ಹಾಸಿಗೆಯ ಪಕ್ಕ ಕುಳಿತು, ಮುಸರ್ರತ್‌ಳ ಅಜ್ಜಿಯ ಸೋರೆಕಾಯಿಯಿಂದ ಹಿಡಿದು ಸೂಜಿಯವರೆಗೆ ನಡೆದದ್ದನ್ನೆಲ್ಲ ಹೇಳಿದಳು.

"ಕೈಗೆ ಬಂದದ್ದು ಬಾಯಿಗೆ ಬರ್ನಿಲ್ಲ," ಎಂದು ದೊಡ್ಡಮುನಿಯಮ್ಮ ಗೋಡೆಯ ಕಡೆಗೆ ಹೊರಳಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಚನ್ನಕೇಶವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಎಲ್ಲಾ ಕಡೆಗೂ ಮದ್ದು ಹೊಡ್ದಾಯ್ತು. ಸುತ್ತಮುತ್ತ ತೋಟದೋರೂ ಹೊಡೀತಾವ್ರೆ," ಎಂದ. ಆಮೇಲೆ ಮೆಲ್ಲಗೆ, "ಮದ್ದು ಬೀಳ್ದಲೇ ಇರೋದು ಬಾನೆ ಮೇಲಿನ ಬಳ್ಳಿ ಒಂದೇ," ಎಂದ.

ಅದು ಗಂಗರತ್ನಮ್ಮನಿಗೂ ಹೊಳೆದಿತ್ತು, ಆದರೆ ಹೇಳುವ ಧೈರ್ಯವಿರಲಿಲ್ಲ. ದನಗಳು ನೀರು ಕುಡಿಯುವ ಕಲ್ಲುಬಾನೆಯ ಮೇಲೆ ಹಬ್ಬಿದ ಆ ಬಳ್ಳಿಯನ್ನು ದೊಡ್ಡಮುನಿಯಮ್ಮ ಈ ಮನೆಗೆ ಮದುವೆಯಾಗಿ ಬಂದ ವರ್ಷ ನೆಟ್ಟಿದ್ದರು. ದನಕ್ಕೆ ವಿಷವಾದೀತೆಂದು ಅದಕ್ಕೆ ಎಂದೂ ಮದ್ದು ತಾಗಿಸುತ್ತಿರಲಿಲ್ಲ. ಹಲಸಿನ ಮರದ ಮರೆಯಲ್ಲಿದ್ದುದರಿಂದ ಆಲಿಕಲ್ಲೂ ತಾಗಿರಲಿಲ್ಲ. ಆದರೆ ಅದರ ಮೊದಲ ಗೊನೆ ಊರ ದೇವತೆ ಪಟಾಲಮ್ಮನದು. ಗೊನೆ ಹಣ್ಣಾಗಿ ಅಮ್ಮನ ಮುಂದೆ ಇಡುವ ತನಕ ಒಂದು ಕಾಯನ್ನೂ ಯಾರೂ ಕೀಳುವಂತಿರಲಿಲ್ಲ. ಚಿಕ್ಕವನಾಗಿದ್ದಾಗ ಒಂದೇ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡ ಚನ್ನಕೇಶವನ ಬೆನ್ನಿಗೆ ಬಿದ್ದ ಪೆಟ್ಟು ಅವನಿಗೆ ಇನ್ನೂ ನೆನಪಿತ್ತು.

ಅತ್ತೆ ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ಮಾರನೆಯ ಬೆಳಗ್ಗೆ ಗಂಗರತ್ನಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಹಿಂದಿನಿಂದ, "ನನ್ ಕೈ ಇಡ್ಕೋ," ಎಂಬ ದನಿ ಕೇಳಿತು. ದೊಡ್ಡಮುನಿಯಮ್ಮ ಹೊಸ್ತಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದರು. ತಲೆಗೆ ನೀರು ಹಾಕಿಕೊಂಡು, ಕುಂಕುಮ ಇಟ್ಟುಕೊಂಡಿದ್ದರು.

"ಎಲ್ಲಿಗತ್ತೆ?"

"ಬಾನೆತಾವ್ಕೆ. ಆಮೇಲೆ ಗುಡಿತಾವ್ಕೆ."

ಬಳ್ಳಿಯ ಕೆಳಗೆ ನಿಂತು ಅವರು ಗೊನೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಎಲ್ಲಕ್ಕಿಂತ ತುಂಬಿದ್ದ ಒಂದನ್ನು ಆರಿಸಿ ತಾವೇ ಮುರಿದರು. ಗುಡಿಯವರೆಗಿನ ದಾರಿಯಲ್ಲಿ ಎರಡು ಸಲ ಕೂತು ಸುಧಾರಿಸಿಕೊಂಡರು. ಗೊನೆಯನ್ನು ಸೊಸೆಯ ಕೈಗೆ ಮಾತ್ರ ಕೊಡಲಿಲ್ಲ.

ಪೂಜಾರಿ ಮುನಿಗಂಗಪ್ಪ ಗೊನೆ ನೋಡಿ ಕಣ್ಣು ಕಿರಿದು ಮಾಡಿದ. "ಅಲ್ಲಾ ದೊಡ್ಡಮುನಿಯಕ್ಕಾ, ಇನ್ನೂ ಕಾಯಲ್ವಾ ಇದು? ಅಮ್ಮನ್ಗೆ ಇದ್ನ ಎಂಗ್ ಇಕ್ಕಾದು?"

"ಅಮ್ಮ ಎಣ್ಣೋ ಗಂಡೋ?"

"ಇದೇನ್ ಮಾತು ಅಂತ ಆಡ್ತೀಯ!"

"ಎಣ್ಣೆಂಗ್ಸು ಅಂದ್ಮೇಲೆ ಉಳಿ ಬೇಡ ಅಂತಾಳಾ? ವರ್ಸಾವರ್ಸ ಸೀ ತಿಂದೂ ತಿಂದೂ ಅವ್ಳಿಗೂ ಬಾಯಿ ಕೆಟ್ಟಿರ್ತದೆ. ಇಕ್ಕೋ, ಸಾಕು."

ಮುನಿಗಂಗಪ್ಪ ಅಮ್ಮನ ಮುಖ ನೋಡಿದ, ಅಕ್ಕನ ಮುಖ ನೋಡಿದ. ಇಬ್ಬರಲ್ಲಿ ಯಾರಿಗೆ ಹೆಚ್ಚು ಹೆದರಬೇಕೆಂದು ತೀರ್ಮಾನಿಸಿದವನಂತೆ ಗೊನೆಯನ್ನು ತೆಗೆದುಕೊಂಡು ಒಳಗಿಟ್ಟು ಮಂಗಳಾರತಿ ಎತ್ತಿದ. ದೊಡ್ಡಮುನಿಯಮ್ಮ ಕಣ್ಣುಮುಚ್ಚಿ ಕೈಮುಗಿದರು. ಅವರ ತುಟಿ ಅಲುಗುತ್ತಿತ್ತು. ಏನು ಬೇಡಿಕೊಂಡರೆಂದು ಗಂಗರತ್ನಮ್ಮ ಕೇಳಲಿಲ್ಲ. ತಾನು ಮಾತ್ರ ಬೇಡಲು ಏನೂ ತೋಚದೆ, ಒಳ್ಳೆಯದು ಮಾಡಿದೆ ತಾಯಿ ಎಂದಷ್ಟೇ ಅಂದುಕೊಂಡಳು.

ಅಂದು ಮಧ್ಯಾಹ್ನ ಬಾನೆಯ ಬಳ್ಳಿಯ ಕಾಯಿ ಒರಳಿಗೆ ಬಿತ್ತು. ರಸ ಹಿಂಡಿದ ಮೇಲೆ ಗಂಗರತ್ನಮ್ಮ ಮತ್ತೊಂದು ಸೂಜಿ ಉಜ್ಜಿ ಅದರಲ್ಲಿ ಅದ್ದಿಟ್ಟಳು. ಅತ್ತೆ ಹಾಸಿಗೆಯ ಮೇಲೆ ಕುಳಿತು ಆ ಲೋಟವನ್ನೇ, ಬೆಕ್ಕು ಹಾಲಿನ ಪಾತ್ರೆ ಕಾಯುವಂತೆ ಕಾದರು. ಸಂಜೆ ಸೂಜಿ ಹೊರಬಂದಾಗ ಅದಕ್ಕೆ ಹುಳಿ ತಿಂದ ಮಬ್ಬು ಬಿಟ್ಟರೆ ಕೆಂಪಿನ ಸುಳಿವೇ ಇರಲಿಲ್ಲ.

ರಸಕ್ಕೆ ಉಪ್ಪು ಹಾಕಿ ಒಂದು ಕುದಿ ಬರಿಸಿ ಬಾಟಲಿಗೆ ತುಂಬಿದಳು. ದಂಟಿನಸೊಪ್ಪು, ತೊಗರಿಬೇಳೆ ಬೇಯಿಸಿ ಕಟ್ಟು ಬಸಿದಳು. ಮೆಣಸು, ಜೀರಿಗೆ, ಸುಟ್ಟ ಬೆಳ್ಳುಳ್ಳಿ, ಒಂದು ಹಿಡಿ ಬೆಂದ ಸೊಪ್ಪು ಅರೆದು ಹಾಕಿದಳು. ಕೊನೆಗೆ ರಸ ಎರಡು ಚಮಚ, ಅಳೆದು. ಸಾರು ಕುದಿ ಬಂದಾಗ ಮನೆಗೆ ಮನೆಯ ವಾಸನೆ ಬಂತು.

ದೊಡ್ಡಮುನಿಯಮ್ಮ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದರು. ನಾಲಿಗೆ ಚಪ್ಪರಿಸಿದರು. ತಟ್ಟನೆ ತಲೆಯೆತ್ತಿ, "ನಿಜ ಏಳು. ಕದ್ದು ಉಣ್ಸೆಣ್ಣು ಆಕಿದ್ದೀಯಾ?"

"ಇಲ್ಲ ಅತ್ತೆ. ಎರಡರ ಹುಳೀನೂ ಒಂದೇ ತಾಯಿ ಮಕ್ಳು. ಅದಕ್ಕೇ ಹಂಗನ್ಸುತ್ತೆ."

"ಇದ್ನ ಆ ಪುಸ್ತಕದಾಗೆ ಓದಿದ್ದಾ?"

"ಹೂಂ. ನೀವು ಬಸ್ಸಾರು ತಂದಿಟ್ಟು ಬಾಗಿಲಲ್ಲಿ ನಿಲ್ತಿದ್ರಲ್ಲ, ಆಗ."

ದೊಡ್ಡಮುನಿಯಮ್ಮ ಇನ್ನೊಂದು ತುತ್ತು ಮುರಿದರು, ಮತ್ತೊಂದು. ಚನ್ನಕೇಶವ ಉಣ್ಣುವುದನ್ನು ಬಿಟ್ಟು ತಾಯಿಯ ತಟ್ಟೆಯನ್ನೇ ನೋಡುತ್ತಿದ್ದ. "ನನ್ ತಟ್ಟೇಲಿ ಏನೋ ನೋಡೋದು? ಉಣ್ಣು," ಎಂದು ಬೈಸಿಕೊಂಡ. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಗಂಡಸನ್ನು ಗಂಗರತ್ನಮ್ಮ ಬೇರೆ ಕಂಡಿರಲಿಲ್ಲ. ಮುದ್ದೆ ಪೂರ್ತಿ ಮುಗಿಯಿತು. ಅಂದು ಹಸುವಿಗೆ ಬರೀ ಹುಲ್ಲು.

ಕೈ ತೊಳೆದು ಅತ್ತೆ ಹೇಳಿದರು: "ಒಂದ್ ಬಟ್ಲು ಸಾರು ಸಾಬ್ರ ಮನೇಗ್ ಕೊಟ್ಟು ಬಾ. ಇಷ್ಟಕ್ಕೂ ದಾರಿ ತೋರ್ಸಿದ್ದು ಅವ್ಳೇ ಅಲ್ವಾ?"

ಗಂಗರತ್ನಮ್ಮ ಬಟ್ಟಲಿಗೆ ಬಿಸಿ ಸಾರು ಬಡಿಸಿಕೊಂಡು ಹೊಸ್ತಿಲು ದಾಟಿದಳು.

"ನಿಂತ್ಕೋ," ಎಂದರು ಹಿಂದಿನಿಂದ. "ಬಟ್ಲಿಗೆ ಈ ಸಲ ಮೊಟ್ಟೆ ಗಿಟ್ಟೆ ಇಕ್ಬೇಡ ಅನ್ನು. ಅವ್ರಜ್ಜಿ ಸೋರೇಕಾಯ್ಗೆ ಇದೇ ಉಳಿ ಬಿಟ್ಟು ಅದೇನೋ ಮಾಡ್ತಿತ್ತು ಅಂದ್ಯಲ್ಲ. ಅದ್ನ ಇಕ್ಕು ಅನ್ನು."

ಗಂಗರತ್ನಮ್ಮ ತಿರುಗಿ ನಿಂತಳು. "ಬೇಯಿಸಿದ್ದಾ, ಅತ್ತೆ?"

"ಇನ್ನೇನು, ಅಸೀ ಸೋರೇಕಾಯಿ ತಿನ್ನೋಕೆ ನಾನೇನ್ ಮೇಕೆನಾ?"

ಬೇಲಿಯ ಬಳಿ ಮುಸರ್ರತ್ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಸಿ ನೋಡಿದಳು. "ವಾಹ್," ಎಂದಳು. ಅತ್ತೆಯ ಮಾತನ್ನು ಕೇಳಿದಮೇಲೆ ಸೆರಗಿನಿಂದ ಬಟ್ಟಲಿನ ಅಂಚನ್ನು, ಅಲ್ಲಿ ಏನೂ ಚೆಲ್ಲಿರದಿದ್ದರೂ, ಒರೆಸಿದಳು.

"ಎಣ್ಣೆ ಹಾಕೋ ಹಂಗಿಲ್ಲ, ಅಲ್ವಾ?" ಎಂದಳು ಆಮೇಲೆ. "ಪರ್ವಾ ಇಲ್ಲ, ಬೆಣ್ಣೆಯಂಗೆ ಬೇಯಿಸ್ತೀನಿ. ಬಾ ಇಲ್ಲಿ, ಹೇಳು, ಉಪ್ಪು ಎಷ್ಟು ತಿಂತಾರೆ ನಿಮ್ಮತ್ತೆ?"